ಕರೆಂಟ್ ಬಂದ ತಕ್ಷಣ ಫ್ರಿಜ್ ಹಾಕಬೇಡಿ

ಕರೆಂಟ್ ಹೋದ ಕೂಡಲೇ ಫ್ರಿಜ್, ಏಸಿ, ನೀರಿನ ಮೋಟರ್ ಸ್ವಿಚ್ ಎಲ್ಲಾ ಆರಿಸಿ, ಒಂದು ಬಲ್ಬ್ ಮಾತ್ರ ಹಾಕಿಡಿ. ಅದು ಯುಪಿಎಸ್ ಲೈನಿನ ಬಲ್ಬ್ ಆಗಿರಬಾರದು, ಇಲ್ಲದಿದ್ದರೆ ಕರೆಂಟ್ ಬಂದದ್ದೇ ಗೊತ್ತಾಗುವುದಿಲ್ಲ. ಹಳೇ ತಂತಿ ಬಲ್ಬ್ ಇದ್ದರೆ ಇನ್ನೂ ಒಳ್ಳೆಯದು: ವೋಲ್ಟೇಜ್ ಕಮ್ಮಿಯಾದರೆ ಕೆಂಪಗೆ ಮಂಕಾಗುತ್ತದೆ. ಎಲ್‌ಇಡಿ ಹೆಚ್ಚಾಗಿ ಅದನ್ನು ತೋರಿಸುವುದೇ ಇಲ್ಲ. ಬಲ್ಬ್ ಹತ್ತಿದ ಮೇಲೂ 5 ನಿಮಿಷ ಕಾಯಿರಿ. ಒಂದೇ ಸಮ ಉರಿಯುತ್ತಿದ್ದರೆ ಮೊದಲು ಫ್ರಿಜ್, ಆಮೇಲೆ ಉಳಿದವನ್ನು ಒಂದೊಂದಾಗಿ ಹಾಕಿ. ಕರೆಂಟ್ ಬಂದ ಹೊಸತರಲ್ಲಿ ಎಲ್ಲರ ಮನೆಯ ಮೋಟರ್‌ಗಳೂ ಒಟ್ಟಿಗೆ ಶುರುವಾಗಿ, ಓಡುವಾಗ ಬೇಕಾದ್ದಕ್ಕಿಂತ ಹಲವು ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತವೆ. ಆಗ ವೋಲ್ಟೇಜ್ ಏರಿಳಿಯುತ್ತದೆ. ಜೊತೆಗೆ ಫ್ರಿಜ್, ಏಸಿಯಲ್ಲಿ ಗ್ಯಾಸ್ ಒತ್ತುವ ಕಂಪ್ರೆಸರ್ ಒಳಗಿನ ಒತ್ತಡ ಇಳಿಯಲು ಕೆಲವು ನಿಮಿಷ ಬೇಕು. ಅದಕ್ಕೆ ಮುಂಚೆ ಹಾಕಿದರೆ ತಿರುಗಲಾರದೆ ಗುಂಯ್ ಎನ್ನುತ್ತಾ ಬಿಸಿಯಾಗುತ್ತದೆ, ಅದರ ಮೋಟರಿನ ತಂತಿ ಸುರುಳಿ (ವೈಂಡಿಂಗ್) ಸುಟ್ಟರೂ ಸುಟ್ಟೀತು. ರಾತ್ರಿ ಮಲಗಿದ್ದಾಗ, ಮನೆಯಲ್ಲಿ ಯಾರೂ ಇಲ್ಲದಾಗ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ತಡವಾಗಿ ಆನ್ ಆಗುವ ಸ್ಟೆಬಿಲೈಸರ್ ಹಾಕಿಸುವುದೇ ಸರಿ. ಗುಡುಗು ಮಿಂಚು ಇದ್ದರೆ ಸ್ವಿಚ್ ಆರಿಸಿದರೆ ಸಾಲದು. ಸಿಡಿಲು ಹತ್ತಿರ ಬರುವ ಮೊದಲೇ ಪ್ಲಗ್ ಕಿತ್ತಿಡಿ.