ಮುಳುಗಿದ್ದ ಗಣಿ ಮತ್ತು ಕಿತ್ತಳೆ ಬಣ್ಣದ ಹಳ್ಳ

ವರ್ಷಗಟ್ಟಲೆ ಮುಳುಗಿದ್ದ ಗಣಿ. ಅದರ ಶಾಫ್ಟ್‌ಗೆ, ಅಂದರೆ ಬಾವಿಯಂತೆ ಕೆಳಗಿಳಿಯುವ ದಾರಿಗೆ, ಪಂಪ್ ಇಳಿಸಿದಾಗ ಮೊದಲು ಬಂದ ನೀರು ತಿಳಿಯಾಗಿತ್ತು, ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) 7ರ ಹತ್ತಿರ, ಅಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಇಷ್ಟೇನಾ ಅಂದುಕೊಂಡೆ. ಅದು ಮೇಲೆ ನಿಂತಿದ್ದ ಮಳೆನೀರು, ಅಷ್ಟೇ. ಆಳಕ್ಕಿಳಿದಂತೆ ಆಮ್ಲದ ನೀರು ಬಂತು.

ಸುಣ್ಣ ಬೆರೆಸಿ ಪಿಎಚ್ ಮತ್ತೆ 7ಕ್ಕೆ ತಂದೆವು. ಕೆಸರು ತಳಕ್ಕಿಳಿಯಲೆಂದು ನೀರು ನಿಲ್ಲಿಸುವ ಕೊಳದಿಂದ ಅದು ತಿಳಿಯಾಗೇ ಹೊರಡುತ್ತಿತ್ತು. ಆದರೆ ಹಳ್ಳದಲ್ಲಿ ಸ್ವಲ್ಪ ದೂರ ಹೋದ ಮೇಲೆ ಕಿತ್ತಳೆ ಬಣ್ಣ! ಪಿಎಚ್ ಕೂಡ ಅಲ್ಲಿ ಕುಸಿದಿತ್ತು. ಸುಮ್ನೆ ಇನ್ನಷ್ಟು ಸುಣ್ಣ ಸುರಿದೆವು. ಅರ್ಧ ಕರಗದೆ ಕೆಸರಾಯಿತು.

ಕೊರತೆ ಇದ್ದದ್ದು ಗಾಳಿಯದ್ದು. ಆಳದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಅದರಲ್ಲಿ ಕಬ್ಬಿಣ ಫೆರಸ್ ರೂಪದಲ್ಲಿ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗಾಳಿ ತಗುಲಿದರೆ ಫೆರಿಕ್ ಆಗಿ ತುಕ್ಕಿನಂತೆ ತಳ ಸೇರುತ್ತದೆ, ಜೊತೆಗೆ ಆಮ್ಲವನ್ನೂ ಹುಟ್ಟಿಸುತ್ತದೆ. ಕೊಳದಲ್ಲಿ ಆಗಬೇಕಿದ್ದ ಕೆಲಸವನ್ನು ನಾವು ಹಳ್ಳಕ್ಕೆ ವಹಿಸಿದ್ದೆವು.

ನೀರನ್ನು ಮೊದಲು ಮೆಟ್ಟಿಲುಗಳ ಮೇಲೆ ಹಾಯಿಸಿದೆವು. ಆಮೇಲೆ ತೊಟ್ಟಿಯಲ್ಲಿ ಬ್ಲೋವರ್‌ನಿಂದ ಗಾಳಿ ಊದುತ್ತಾ, ಸುಣ್ಣವನ್ನು ಹಾಲಿನಂತೆ ಕಲಸಿ ಹಾಕಿ, ಪಿಎಚ್ 8.5ರ ಆಸುಪಾಸು ಹಿಡಿದೆವು. ಅಳತೆಯನ್ನು ತೊಟ್ಟಿಯಲ್ಲಷ್ಟೇ ಅಲ್ಲ, ಕೊಳದ ಬಾಯಲ್ಲೂ ಶುರು ಮಾಡಿದೆವು. ಹಳ್ಳಕ್ಕೆ ಹೋಗುವ ನೀರು ಅದೇ ಅಲ್ವಾ?

ಪಂಪ್ ನಿಲ್ಲಿಸಿ ನಿಲ್ಲಿಸಿ ಓಡಿಸುವುದನ್ನೂ ಬಿಟ್ಟೆವು. ಗಣಿಯ ನೀರಿನ ಮಟ್ಟ ಏರಿಳಿದರೆ ಪೈರೈಟ್‌ಗೆ (ಆಮ್ಲ ಹುಟ್ಟಿಸುವ, ಕಬ್ಬಿಣ-ಗಂಧಕದ ಖನಿಜ) ಒಮ್ಮೆ ಗಾಳಿ, ಒಮ್ಮೆ ನೀರು ಸಿಗುತ್ತದೆ, ಆಮ್ಲದ ಲವಣ ತೊಳೆದು ಬರುತ್ತದೆ. ನಿಧಾನವಾಗಿ ಒಂದೇ ಸಮನೆ ಇಳಿಸಿದರೆ ಗೋಡೆಗಳಿಗೂ ಕ್ಷೇಮ. ಮಟ್ಟ ಇಳಿದಾಗ ನೀರಲ್ಲಿ ಕರಗಿದ್ದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೊರಬರಬಹುದು. ಹಾಗಾಗಿ ಗ್ಯಾಸ್ ಮೀಟರ್ ಇಳಿಸಿ ನೋಡದೆ ಯಾರನ್ನೂ ಒಳಗೆ ಬಿಡಲಿಲ್ಲ.