ಸಿಮ್ ಅಕ್ಕನ ಮನೆಯಲ್ಲಿದೆ: ಆನ್‌ಲೈನ್ ಜೂಜಿಗೆ ನಾನು ಹಾಕಿದ ಬೀಗ

ಇದನ್ನು ಬರೆಯೋಕೆ ಮುಖ್ಯ ಕಾರಣ ನಮ್ಮ ಭಾವ. "ಆ್ಯಪ್ ತೆಗೆದುಹಾಕಿದ್ರೆ ಆಯ್ತಪ್ಪ, ಇಷ್ಟೆಲ್ಲ ಸರ್ಕಸ್ ಯಾಕೆ? ಮನಸ್ಸು ಗಟ್ಟಿ ಇರ್ಬೇಕು ಅಷ್ಟೆ" ಅಂದವರು ಅವರೇ. ಬ್ಯಾಂಕಿನ ಕೌಂಟರಿನಲ್ಲಿದ್ದವರೂ ನಕ್ಕರು. ಈಗ ಹೆಚ್ಚುಕಮ್ಮಿ ಒಂದು ವರ್ಷ ಆಗುತ್ತಾ ಬಂತು, ನಡುವೆ ಒಂದು ಐಪಿಎಲ್ ಪೂರ್ತಿ ದಾಟಿತು. ನನ್ನ ಖಾತೆಯಿಂದ ಜೂಜಿಗೆ ಒಂದು ರೂಪಾಯಿ ಹೋಗಿಲ್ಲ. ಭಾವ ಈಗ ಆ ಮಾತು ಎತ್ತಲ್ಲ.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಮಂಡಿ ಲೆಕ್ಕ ಪೈಸೆ ಪೈಸೆಗೂ ಸರಿ ಇರುತ್ತದೆ, ನನ್ನದು ಮಾತ್ರ ಅಂದಾಜು. ರಮ್ಮಿಯಲ್ಲಿ ನಾಲ್ಕೂವರೆ ಐದು ಲಕ್ಷ ಹೋಗಿರಬೇಕು, ಕ್ರಿಕೆಟ್‌ನಲ್ಲಿ ಮೂರು ಲಕ್ಷ ಚಿಲ್ಲರೆ. ಇದರಲ್ಲಿ ಒಂದೂವರೆ ಲಕ್ಷ ಲೋನ್ ಆ್ಯಪ್‌ಗಳದ್ದು. ಹೆಂಡತಿಯ ಬಳೆ ಒತ್ತೆ ಇಟ್ಟಿದ್ದು ಬೇರೆ. 2023ರ ಅಕ್ಟೋಬರಿನಲ್ಲಿ ಹಾಕುವ ದುಡ್ಡಿನ ಮೇಲೆ 28% ಜಿಎಸ್‌ಟಿ ಬಂದಾಗಲಾದರೂ ನಿಲ್ಲುತ್ತದೆ ಅಂದುಕೊಂಡಿದ್ದೆ. ನಾನು ಆಡುತ್ತಿದ್ದ ಆ್ಯಪ್‌ನವರು ಅಷ್ಟೇ ದುಡ್ಡನ್ನು ಬೋನಸ್ ಅಂತ ತೋರಿಸಿಬಿಟ್ಟರು. ಆಟ ನಡೀತಾನೇ ಇತ್ತು.

ಮೊದಲು ಸೆಲ್ಫ್ ಎಕ್ಸ್‌ಕ್ಲೂಷನ್ ವಿಷಯ, ಅಂದರೆ ಇಷ್ಟು ದಿನ ನನ್ನನ್ನು ಆಡೋಕೆ ಬಿಡಬೇಡಿ ಅಂತ ಆ್ಯಪ್‌ಗೇ ಹೇಳುವ ಬಟನ್. ನನ್ನ ಹಾಗೆ ಆಡಿದ ನೀವೆಲ್ಲ ಒಂದಲ್ಲ ಒಂದು ಸಲ ಒತ್ತಿರುತ್ತೀರಿ. ನಾನೂ ಒತ್ತಿದೆ, ಬೇರೆ ಬೇರೆ ಆ್ಯಪ್‌ಗಳಲ್ಲಿ, ವಾರಕ್ಕೆ, ತಿಂಗಳಿಗೆ, ಆಮೇಲೆ ಸಿಕ್ಕಷ್ಟು ದೊಡ್ಡ ಅವಧಿಗೆ. ಒಂದರಲ್ಲಿ ಬಾಗಿಲು ಹಾಕಿದರೆ ಪಕ್ಕದ ಆ್ಯಪ್‌ನಲ್ಲಿ ಅದೇ ಪ್ಯಾನ್ ಕಾರ್ಡಿಗೆ ಕೆಂಪು ಹಾಸು. ಅವಧಿ ಮುಗಿದ ಮರುದಿನವೇ "ನಿಮಗಾಗಿ ವಿಶೇಷ ಬೋನಸ್" ಅಂತ ಮೆಸೇಜ್. ನಮ್ಮ ದೇಶದಲ್ಲಿ ಎಲ್ಲ ಆ್ಯಪ್‌ಗಳಿಗೂ ಸೇರಿಸಿ ಒಂದೇ ಪಟ್ಟಿ ಅಂತ ಇರಲೇ ಇಲ್ಲ.

ಬಾಗಿಲು ನಿಜವಾಗಿ ಮುಚ್ಚಿದ್ದು ಒಂದೇ ಸಲ. 2021ರ ಅಕ್ಟೋಬರಿನಲ್ಲಿ ಆನ್‌ಲೈನ್ ಜೂಜು ನಿಷೇಧಿಸುವ ರಾಜ್ಯದ ಕಾನೂನು ಬಂದಾಗ ಕರ್ನಾಟಕದಲ್ಲಿ ದುಡ್ಡಿನ ಟೇಬಲ್ ತೆರೆಯುತ್ತಲೇ ಇರಲಿಲ್ಲ. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ನಡುವಿನ ನಾಲ್ಕು ತಿಂಗಳಲ್ಲಿ ನಾನು ಕಳೆದಿದ್ದು ಸೊನ್ನೆಗೆ ಹತ್ತಿರ. ಆಗ ನನ್ನ ಮನಸ್ಸೇನೂ ಗಟ್ಟಿ ಇರಲಿಲ್ಲ, ಭಾವ.

ಚಿಕ್ಕಪ್ಪನ ಮಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾನೆ. ಅಲ್ಲಿ ಗ್ಯಾಮ್‌ಸ್ಟಾಪ್ ಅಂತ ಇದೆಯಂತೆ. ಒಂದು ಸಲ ಹೆಸರು ಕೊಟ್ಟರೆ ಲೈಸೆನ್ಸ್ ಇರುವ ಎಲ್ಲ ಸೈಟೂ ಬಂದ್. ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ. ನಡುವೆ ಬೇಡ ಅಂದರೂ ತೆಗೆಯಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡೋದನ್ನು 2020ರ ಏಪ್ರಿಲ್‌ನಲ್ಲೇ ನಿಲ್ಲಿಸಿದ್ದಾರೆ. ಬ್ಯಾಂಕಿನ ಆ್ಯಪ್‌ನಲ್ಲೇ ಜೂಜಿಗೆ ತಡೆ ಹಾಕಿಕೊಳ್ಳಬಹುದು, ತೆಗೆಯಬೇಕಾದರೆ ಎರಡು ಮೂರು ದಿನ ಕಾಯಬೇಕು. ನನಗೆ ಹಿಡಿಸಿದ್ದು ಈ ಕಾಯಿಸುವ ಭಾಗ.

ಆದರೆ ಅದನ್ನು ಹಾಗೇ ಇಲ್ಲಿಗೆ ತರೋಕಾಗಲ್ಲ. ಅಲ್ಲಿ ಜೂಜಿನ ವ್ಯಾಪಾರಿಗೆ 7995 ಅಂತ ಒಂದು ಕೋಡ್ ಇರುತ್ತದೆ, ಬ್ಯಾಂಕ್ ಅದನ್ನು ನೋಡಿ ತಡೆಯುತ್ತದೆ. 2025ರ ಆಗಸ್ಟಿನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂದು ರಮ್ಮಿ ಟೇಬಲ್‌ಗಳು ಮುಚ್ಚಿದ ಮೇಲೆ ನಾನು ಹೋಗಿದ್ದು ವಾಟ್ಸಾಪ್ ಏಜೆಂಟಿನ ಹತ್ತಿರ, "ಐಡಿ" ತಗೊಳ್ಳೋಕೆ, ಅಂದರೆ ಬೆಟ್ಟಿಂಗ್ ಸೈಟಿನ ಲಾಗಿನ್. ಅವನು ಕಳಿಸುವ ಕ್ಯೂಆರ್ ಒಂದು ದಿನ ಟೈಲರ್ ಅಂಗಡಿ, ಇನ್ನೊಂದು ದಿನ ಯಾವುದೋ ಬಡಪಾಯಿಯ ಉಳಿತಾಯ ಖಾತೆ. ಇದು ಜೂಜು ಅಂತ ಬ್ಯಾಂಕಿಗೆ ಗೊತ್ತಾಗೋದಾದರೂ ಹೇಗೆ? ಹಾಗಾಗಿ ಯಾರಿಗೆ ಹೋಗುತ್ತದೆ ಅನ್ನೋದನ್ನು ಬಿಟ್ಟೆ, ನನ್ನ ಕಡೆಯಿಂದ ಹೊರಡೋದನ್ನೇ ಹಿಡಿದೆ.

ಅದರಲ್ಲೂ ಸೋತಿದ್ದೇ ಜಾಸ್ತಿ. ಕಾರ್ಡಿನ ಆನ್‌ಲೈನ್ ಬಳಕೆ ಆಫ್ ಮಾಡಿದೆ. ಆನ್ ಮಾಡೋಕೆ ಎಷ್ಟು ಹೊತ್ತು ಬೇಕು ನಿಮಗೇ ಗೊತ್ತು. ಡೆಬಿಟ್ ಕಾರ್ಡನ್ನೇ ಕತ್ತರಿಸಿ ಹಾಕಿದೆ. ಆಧಾರ್ ಒಟಿಪಿಯಲ್ಲಿ ಯುಪಿಐ ಪಿನ್ ಹೊಸದಾಗಿ ಮಾಡಬಹುದು ಅಂತ ಅವತ್ತು ರಾತ್ರಿಯೇ ಗೊತ್ತಾಯಿತು. ದಿನದ ಮಿತಿ ಇಳಿಸಿದೆ, ಅದನ್ನು ಏರಿಸೋಕೂ ಅದೇ ಪಿನ್ ಸಾಕು. ಸಣ್ಣ ಮೊತ್ತಕ್ಕೆ ಅಂತ ಇರುವ ಯುಪಿಐ ಲೈಟ್ ಅಂತೂ ಪಿನ್ನೇ ಕೇಳಲ್ಲ, ಐನೂರು ಐನೂರರಂತೆ ಖಾಲಿಯಾಗುತ್ತಿತ್ತು.

ಎಲ್ಲದರ ಬುಡ ಸಿಮ್ ಅಂತ ಹೊಳೆದಿದ್ದು ಇಲ್ಲೇ. ಯುಪಿಐ ನೋಂದಣಿಗೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಆ ಫೋನಿನಲ್ಲೇ ಇರಬೇಕು. ನೆಟ್ ಬ್ಯಾಂಕಿಂಗ್ ಒಟಿಪಿ ಅದಕ್ಕೇ ಬರುತ್ತದೆ. ಆಧಾರ್ ಒಟಿಪಿಯೂ ಅದಕ್ಕೇ. ಫೋನಿನಲ್ಲೇ ಕೂತು ಹೊಸ ಖಾತೆ ತೆರೆಯೋಕೂ ಸಾಮಾನ್ಯವಾಗಿ ಆಧಾರ್ ಒಟಿಪಿ ಬೇಕು. ನಾನು ಸಾಲ ಎತ್ತುತ್ತಿದ್ದ ಲೋನ್ ಆ್ಯಪ್‌ಗಳಿಗೂ ಅದೇ ಬೇಕಿತ್ತು. ಸರಿ, ಫೋನಿನಿಂದ ಯುಪಿಐ ನೋಂದಣಿ ತೆಗೆದೆ. ಸಿಮ್ಮನ್ನು ಒಂದು ಹಳೇ ಕೀಪ್ಯಾಡ್ ಫೋನಿಗೆ ಹಾಕಿ ತುಮಕೂರಿನ ಅಕ್ಕನ ಮನೆಗೆ ಕೊಟ್ಟು ಬಂದೆ. ನನ್ನ ಫೋನಿಗೆ ಹೊಸ ನಂಬರು. ಒಟಿಪಿ ಬೇಕಾದರೆ ಅಕ್ಕನಿಗೆ ಫೋನ್ ಮಾಡಬೇಕು. "ಯಾತಕ್ಕೋ?" ಅನ್ನೋದು ಅವಳ ಮೊದಲ ಮಾತು.

ಕಳೆದುಹೋಯಿತು ಅಂತ ಹೇಳಿ ಡೂಪ್ಲಿಕೇಟ್ ಸಿಮ್ ತಗೋಬಹುದಲ್ವಾ ಅಂತ ನಿಮ್ಮಲ್ಲಿ ಯಾರಾದರೂ ಆಗಲೇ ಯೋಚಿಸಿರುತ್ತೀರಿ. ತಗೋಬಹುದು. ಆದರೆ ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರಲ್ಲ. ಹೊಸ ಫೋನಿನಲ್ಲಿ ಯುಪಿಐ ಶುರು ಮಾಡಿದರೆ ಮೊದಲ 24 ಗಂಟೆ ಐದು ಸಾವಿರದ ಮಿತಿ. ಅಷ್ಟರಲ್ಲಿ ಮ್ಯಾಚ್ ಮುಗಿದಿರುತ್ತದೆ. ಇಂಗ್ಲೆಂಡಿನ ಬ್ಯಾಂಕ್ ಕೊಡುವ ಕಾಯುವಿಕೆ ನಮಗೆ ಪುಕ್ಕಟೆ ಸಿಕ್ಕಿತು. ನಾನು ಹೊಸ ಸಿಮ್ ತಗೊಂಡು ಅಕ್ಕನ ಕಡೆ ಹಳೇ ಸಿಮ್ ಸತ್ತರೆ ಅವಳಿಗೆ ಗೊತ್ತಾಗೋಕೆ ಇನ್ನೊಂದು ಏರ್ಪಾಡು ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯಲ್ಲ. ಬರೆದರೆ ನಾನೇ ಓದಿ ದಾರಿ ಹುಡುಕಿಬಿಡುತ್ತೇನೆ.

ದಿನದ ಖರ್ಚಿಗೆ ಏನು ಮಾಡೋದು? ಪಿಎಫ್, ಮನೆ ಸಾಲದ ಕಂತು ಎಲ್ಲ ನನ್ನ ಖಾತೆಯಲ್ಲೇ ಇರೋದರಿಂದ ಸಂಬಳ ಅಲ್ಲಿಗೇ ಬರುತ್ತದೆ. ಮಿಕ್ಕಿದ್ದು ಪ್ರತಿ ತಿಂಗಳು ಹೆಂಡತಿಯ ಖಾತೆಗೆ ಹೋಗುವ ಹಾಗೆ ಬ್ರಾಂಚಿನಲ್ಲಿ ಬರೆದುಕೊಟ್ಟೆ. ಕೌಂಟರಿನಲ್ಲಿದ್ದವರು "ಎಲ್ಲರೂ ಯುಪಿಐ ಹಾಕಿಕೊಡಿ ಅಂತ ಬರ್ತಾರೆ, ನೀವು ತೆಗೀರಿ ಅಂತ ಬಂದಿದೀರಲ್ಲ ಸಾರ್" ಅಂದಿದ್ದು ಆಗಲೇ. ಆಮೇಲೆ ಯುಪಿಐ ಸರ್ಕಲ್, ಅಂದರೆ ಒಬ್ಬರ ಖಾತೆಯಿಂದ ಇನ್ನೊಬ್ಬರೂ ಯುಪಿಐ ಮಾಡುವ ಏರ್ಪಾಡು. ಹೆಂಡತಿ ಮುಖ್ಯ ಬಳಕೆದಾರಳು, ನಾನು ಅವಳ ಕೆಳಗೆ. ಮೊದಲು ಪೂರ್ತಿ ಅಧಿಕಾರ ಕೊಡುವ ಬಗೆ ಇಟ್ಟುಕೊಂಡೆವು, ಅದರಲ್ಲಿ ತಿಂಗಳಿಗೆ 15,000ದವರೆಗೆ ಕೇಳದೇ ಖರ್ಚು ಮಾಡಬಹುದು. ಅದು ನನ್ನಂಥವರಿಗಲ್ಲ. ಈಗ ಪ್ರತಿ ಸಲವೂ ಅವಳು ಪಿನ್ ಒತ್ತಿದರೇನೇ ದುಡ್ಡು ಹೋಗೋದು. ಐಪಿಎಲ್ ಸಮಯದಲ್ಲಿ ಒಂದು ರಾತ್ರಿ ಐನೂರಕ್ಕೆ ರಿಕ್ವೆಸ್ಟ್ ಕಳಿಸಿದೆ. ಅವಳ ಫೋನು ಮಿಕ್ಸಿ ಪಕ್ಕ ಚಾರ್ಜಿಗಿತ್ತು. ಒಳಗಿಂದಲೇ, "ರೀ, ಹತ್ತೂವರೆಗೆ ಇದ್ಯಾವ ಫ್ಯಾನ್ಸಿ ಸ್ಟೋರ್‌ರೀ?" ಅಂದಳು. ತಪ್ಪಿ ಒತ್ತಿಬಿಟ್ಟೆ ಕಣೆ ಅಂದೆ. ಅವಳು ಪಾತ್ರೆ ತೊಳೆಯೋದು ಮುಂದುವರಿಸಿದಳು. ಆಮೇಲೆ ಅಂಥ ರಿಕ್ವೆಸ್ಟ್ ಹೋಗಿಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಜೂಜಿನ ಸೈಟ್ ತೆರೆಯದ ಹಾಗೆ ತಡೆಯುವ ಡಿಎನ್‌ಎಸ್ ಅನ್ನೋ ಸೆಟ್ಟಿಂಗ್ ಫೋನಿಗೆ ಹಾಕಿ ನೋಡಿದೆ. ಏಜೆಂಟ್ ದಿನಾ ಹೊಸ ಲಿಂಕ್ ಕಳಿಸುತ್ತಾನೆ, ಡಿಎನ್‌ಎಸ್ ಹಿಂದೆಯೇ ಓಡುತ್ತಿತ್ತು. ಸುಮ್ನೆ ಇರಲಿ ಅಂತ ಇಟ್ಟಿದ್ದೇನೆ, ರಮ್ಮಿ ಜಾಹೀರಾತಾದರೂ ಕಮ್ಮಿ. ನಾನೇ ಕೀಪ್ಯಾಡ್ ಫೋನಿಗೆ ಇಳಿದೂ ನೋಡಿದೆ. ರಾಶಿ ಎಷ್ಟು, ಬೆಟ್ಟೆ ಎಷ್ಟು ಅಂತ ಅಡಿಕೆ ರೇಟು ಬರೋದೆಲ್ಲ ವಾಟ್ಸಾಪಿನಲ್ಲಿ, ವಾರದಲ್ಲೇ ಮಂಡಿಯ ಸಾಹುಕಾರರು ಬೈದರು. ಆಸೆ ಬಂದ ಹೊತ್ತನ್ನು ಪುಸ್ತಕದಲ್ಲಿ ಗುರುತು ಹಾಕಿದ್ದು ಮಾತ್ರ ಕೆಲಸಕ್ಕೆ ಬಂತು. ಸಂಬಳದ ದಿನ, ಮತ್ತೆ ರಾತ್ರಿ ಹತ್ತರ ಮೇಲೆ. ಬೆಳಿಗ್ಗೆ ಹೊತ್ತು ಒಂದೂ ಇಲ್ಲ.

ಮುಚ್ಚೋಕೆ ಕಷ್ಟ ಆದ ತೂತು ಕ್ಯಾಶ್. ಗೆಳೆಯನ ಫೋನಿನಿಂದ ಹಾಕಿಸಿ ಕೈಯಲ್ಲಿ ದುಡ್ಡು ಕೊಡೋದು ಎಲ್ಲರಿಗೂ ಗೊತ್ತಿರೋ ದಾರಿ. ಮಂಡಿಯಲ್ಲಂತೂ ಕ್ಯಾಶ್ ಮಧ್ಯೆಯೇ ಕೂತಿರುತ್ತೇನೆ. ಸಾಹುಕಾರರಿಗೆ ವಿಷಯ ಹೇಳಿ ಕ್ಯಾಶ್ ಪೆಟ್ಟಿಗೆ ಬೇರೆಯವರಿಗೆ ಕೊಡಿಸಿದೆ. ಹಾಗೆ ಹಾಕಿಕೊಡುತ್ತಿದ್ದ ಇಬ್ಬರು ಗೆಳೆಯರಿಗೂ ಹೆಂಡತಿಯ ಎದುರೇ ಹೇಳಿಸಿದೆ. ಮರ್ಯಾದೆ ಹೋಯಿತು, ನಿಜ. ಆದರೆ ಊರಿಗೆ ಮೊದಲೇ ಗೊತ್ತಿತ್ತಂತೆ.

ಖರ್ಚು ಅಂದರೆ ಆ ಕೀಪ್ಯಾಡ್ ಫೋನಿನ ರೀಚಾರ್ಜ್, ವರ್ಷಕ್ಕೆ ಎರಡು ಸಾವಿರದ ಆಚೀಚೆ. ಮರೆತರೆ ಒಟಿಪಿಯೇ ಬರಲ್ಲ, ನೆನಪಿರಲಿ. ಲೋನ್ ಆ್ಯಪ್ ಸಾಲ ಮುಕ್ಕಾಲು ಪಾಲು ತೀರಿದೆ, ಬಳೆ ವಾಪಸ್ ಬಂದಿದೆ. ಈಗ ಉಳಿಯುವ ದುಡ್ಡನ್ನು ತಿಂಗಳಿಗೆ ಇಷ್ಟು ಅಂತ ಪೋಸ್ಟ್ ಆಫೀಸಿನ 5 ವರ್ಷದ ಆರ್‌ಡಿಗೆ ಹಾಕುತ್ತಿದ್ದೇನೆ. 3 ವರ್ಷ ಆಗೋವರೆಗೂ ಅದನ್ನು ಮುರಿಯೋಕಾಗಲ್ಲ, ನನಗೆ ಬೇಕಿದ್ದದ್ದೂ ಅದೇ.

ಸಿಮ್ ಕೊಡೋಕೆ ಅಕ್ಕನೇ ಆಗಬೇಕು ಅಂತೇನಿಲ್ಲ. ಆದರೆ ಒಂದೇ ಮನೆಯವರು ಬೇಡ, ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತಿಕೊಳ್ಳೋಕೆ ನಾಲ್ಕು ಹೆಜ್ಜೆ ಸಾಕು. ಕೇಳಿದರೆ ಕೊಟ್ಟುಬಿಡುವ ಮೆತ್ತನೆಯವರೂ ಬೇಡ. ಅಂಥವರು ಯಾರೂ ಇಲ್ಲದಿದ್ದರೆ 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳಲ್ಲ. ಬೆಂಗಳೂರಿನವರಾದರೆ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆ, ಮೊಬೈಲ್ ಮತ್ತು ಆನ್‌ಲೈನ್ ಚಟಕ್ಕೇ ಅಂತ ಇರೋದು.