ಬೈಬಲ್ ನಾಡಿಗೆ ಹೊರಡುವ ಮುಂಚೆ ಕೋಟೆ ಹತ್ತಿ

ಜೆರುಸಲೇಮ್, ಬೆತ್ಲೆಹೇಮ್, ಸಿನಾಯ್ ಕಡೆ ಹೊರಟಿರುವ ದಾವಣಗೆರೆಯವರಿಗೆ ಒಂದು ಮಾತು. ಅಲ್ಲಿ ನಡೆಯೋದು ಜಾಸ್ತಿ. ಚಿತ್ರದುರ್ಗದಲ್ಲಿ ಹಳೇ ಸ್ನೇಹಿತರು ಇದ್ದೇ ಇರ್ತಾರೆ ಅಲ್ವಾ? ಭಾನುವಾರ ಅವರ ಮನೆಗೆ ಹೋಗಿ, ಅವರನ್ನೂ ಹೊರಡಿಸಿಕೊಂಡು ಕೋಟೆ ಹತ್ತಿ. ಪ್ರವಾಸಕ್ಕೆ ತಂದ ಹೊಸ ಶೂ ಹಾಕಿಕೊಂಡೇ ಹತ್ತಿ, ಹಿಮ್ಮಡಿ ಕಚ್ಚುತ್ತಾ ಅಂತ ಇಲ್ಲೇ ಗೊತ್ತಾಗಲಿ.

ಸಿನಾಯ್ ಬೆಟ್ಟ 2,285 ಮೀಟರ್ ಎತ್ತರ. ಸೂರ್ಯೋದಯ ನೋಡಬೇಕಂದ್ರೆ ರಾತ್ರಿಯೇ ಹತ್ತಬೇಕು, ಕೊನೆಗೆ ನೂರಾರು ಕಲ್ಲುಮೆಟ್ಟಿಲು. ಮರುಭೂಮಿ ತಾನೇ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ, ಮೇಲೆ ಕೊರೆಯುವ ಚಳಿ. ಬೆತ್ಲೆಹೇಮಿನಲ್ಲಿ ಯೇಸು ಹುಟ್ಟಿದ ಜಾಗ ಅಂತ ನಂಬುವ ಜನನ ದೇವಾಲಯದ ಬಾಗಿಲು ಸುಮಾರು 4 ಅಡಿ ಎತ್ತರ ಅಷ್ಟೇ, ಬಗ್ಗಿಯೇ ಒಳಗೆ ಹೋಗಬೇಕು. ಸೊಂಟ ನೋವಿರುವ ಹಿರಿಯರ ಜೊತೆ ಒಬ್ಬರು ಇರಿ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಸಬ್ಬತ್, ಅಂದ್ರೆ ಯಹೂದಿಗಳ ವಿಶ್ರಾಂತಿ ದಿನ, ಜೆರುಸಲೇಮಿನಲ್ಲಿ ಬಹುತೇಕ ಬಸ್ಸು ಓಡುವುದಿಲ್ಲ. ಮೃತ ಸಮುದ್ರಕ್ಕೆ ಇಳಿಯುವ ದಿನ ಗಂಡಸರು ಶೇವ್ ಮಾಡಬೇಡಿ, ಉಪ್ಪು ಸಿಕ್ಕಾಪಟ್ಟೆ ಉರಿಯುತ್ತದೆ.